ಮೂತ್ರಪಿಂಡ: ಸೋಸುವ ಅಂಗ, ಕಾವಲಿನ ಅಂಗ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಮತ್ತು ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳು ಮೂತ್ರಪಿಂಡದ ಬಗ್ಗೆ ಮಾತನಾಡಲು ನಿಂತಿದ್ದಾಳೆಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ವೈದ್ಯಳಲ್ಲ, ವಿಜ್ಞಾನದ ಶಿಕ್ಷಕಿಯೂ ಅಲ್ಲ. ಈ ವಿಷಯವನ್ನು ನಾನು ಓದಿ ತಿಳಿದುಕೊಂಡದ್ದಕ್ಕೆ ಒಂದು ಕಾರಣವಿದೆ. ಆ ಕಾರಣ ನನ್ನ ತರಗತಿಯಲ್ಲಿಯೇ ಕುಳಿತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಆರನೆಯ ತರಗತಿಯ ಒಬ್ಬ ಹುಡುಗ. ಮಳೆಗಾಲದಲ್ಲಿ ಅವನ ಕಾಲಿನ ಮೇಲೆ ಕಜ್ಜಿ ಎದ್ದಿತ್ತು, ಕೆರೆದು ಕೆರೆದು ಹುಣ್ಣಾಗಿ ಕೀವು ಕಟ್ಟಿತ್ತು. ಯಾವುದೋ ಮುಲಾಮು ಹಚ್ಚಿದರು, ಒಣಗಿತು, ಎಲ್ಲರೂ ಮರೆತರು. ಸುಮಾರು ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಕಣ್ಣುಗಳ ಸುತ್ತ ಊದಿಕೊಂಡು ಶಾಲೆಗೆ ಬಂದ. ಮೊದಲ ಪೀರಿಯಡ್ಡಿನಲ್ಲಿಯೇ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ. "ರಾತ್ರಿಯೆಲ್ಲ ಟಿ.ವಿ. ನೋಡಿದೆಯಾ?" ಎಂದು ಕೇಳಿ ನಾನು ಅವನನ್ನು ಎದ್ದು ನಿಲ್ಲಿಸಿದೆ. ತರಗತಿ ನಕ್ಕಿತು. ಅವನು ಏನೂ ಹೇಳಲಿಲ್ಲ. ಆ ಪೀರಿಯಡ್ಡು ಮುಗಿಯುವವರೆಗೂ ನಿಂತೇ ಇದ್ದ.

ಮರುದಿನ ಅವನು ಬರಲಿಲ್ಲ. ಮೂರನೆಯ ದಿನ ಅವನ ತಾಯಿ ರಜೆಯ ಚೀಟಿ ಹಿಡಿದು ಬಂದರು. ಹುಡುಗನಿಗೆ ವಿಪರೀತ ತಲೆನೋವು, ವಾಂತಿ. ಆಸ್ಪತ್ರೆಗೆ ಒಯ್ದಾಗ ರಕ್ತದೊತ್ತಡ ಏರಿತ್ತು. ಮೂತ್ರ ಎರಡು ಮೂರು ದಿನಗಳಿಂದ ಸುಲೈಮಾನಿ ಚಹಾದ ಬಣ್ಣದಲ್ಲಿತ್ತಂತೆ, ಆದರೆ ಹುಡುಗ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಮಕ್ಕಳ ವೈದ್ಯರು ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ. "ಕಳೆದ ಒಂದು ತಿಂಗಳಲ್ಲಿ ಇವನಿಗೆ ಗಂಟಲುನೋವು ಬಂದಿತ್ತೇ, ಅಥವಾ ಮೈಮೇಲೆ ಹುಣ್ಣು ಆಗಿತ್ತೇ?"

ಕಾಲಿನ ಮೇಲಿನ ಹುಣ್ಣಿಗೂ ಬೆನ್ನಿನ ಹತ್ತಿರವಿರುವ ಮೂತ್ರಪಿಂಡಕ್ಕೂ ಏನು ಸಂಬಂಧ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಎರಡು ಪುಟ್ಟ ಅಂಗಗಳು, ದೊಡ್ಡ ಕೆಲಸ

ಮೂತ್ರಪಿಂಡಕ್ಕೆ ಉರ್ದುವಿನಲ್ಲಿ ಗುರ್ದಾ ಎನ್ನುತ್ತೇವೆ. 'ಗುರ್ದೇವಾಲಾ' ಎಂದರೆ ಎದೆಗಾರ, ಧೈರ್ಯಶಾಲಿ ಎಂಬ ಅರ್ಥವೂ ಇದೆ. ನಮ್ಮ ಹಿರಿಯರು ಧೈರ್ಯವನ್ನು ಈ ಅಂಗದಲ್ಲಿ ಕಂಡದ್ದು ಸುಮ್ಮನೆ ಅಲ್ಲ ಎಂದು ನನಗೀಗ ಅನಿಸುತ್ತದೆ.

ವಯಸ್ಕರಲ್ಲಿ ಒಂದೊಂದು ಮೂತ್ರಪಿಂಡದ ತೂಕ ಸುಮಾರು 120ರಿಂದ 150 ಗ್ರಾಂ. ಎರಡೂ ಸೇರಿದರೂ ದೇಹದ ತೂಕದ ಶೇಕಡಾ ಅರ್ಧದಷ್ಟಾಗುವುದಿಲ್ಲ. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಶೇಕಡಾ 20ರಿಂದ 25ರಷ್ಟು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಇವುಗಳ ಮೂಲಕ ಹಾಯುತ್ತದೆ. ಒಂದೊಂದರಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನುಗಳೆಂಬ ಸೋಸುವ ಘಟಕಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ ಇದೆ. ಇದಕ್ಕೆ ಗ್ಲೊಮೆರುಲಸ್ ಎಂದು ಹೆಸರು. ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ 1666ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವರ್ಣಿಸಿದ. ದಿನಕ್ಕೆ ಸುಮಾರು 180 ಲೀಟರ್ ದ್ರವ ಈ ಉಂಡೆಗಳಿಂದ ಸೋಸಿ ಬರುತ್ತದೆ. ಮುಂದಿನ ನಳಿಕೆಗಳು ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ಹೀರಿಕೊಂಡು, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ.

ಇಷ್ಟನ್ನು ನಾವು ಶಾಲೆಯ ಪಾಠದಲ್ಲಿ ಓದಿದ್ದೇವೆ. ಪಾಠದಲ್ಲಿ ಇರದ ಮಾತು ಮುಂದಿನದು. ಇಷ್ಟೊಂದು ರಕ್ತ ಹಾಯುವ ಜಾಗದಲ್ಲಿ ರಕ್ತದಲ್ಲಿರುವ ಒಳ್ಳೆಯದು, ಕೆಟ್ಟದ್ದು ಎಲ್ಲವೂ ಬಂದೇ ಬರುತ್ತದೆ. ಊರಿನ ಎಲ್ಲ ದಾರಿಗಳೂ ಕೂಡುವ ಚೌಕದಲ್ಲಿ ಅಂಗಡಿ ಇಟ್ಟವನು ವ್ಯಾಪಾರ ಮಾತ್ರ ಮಾಡಿಕೊಂಡಿರಲು ಸಾಧ್ಯವಿಲ್ಲ. ಅವನು ಕಾವಲನ್ನೂ ಕಾಯಬೇಕಾಗುತ್ತದೆ.

ಉರಿ ಮತ್ತು ಊತ

ನಾನು ಭಾಷೆಯ ಶಿಕ್ಷಕಿ, ಆದ್ದರಿಂದ ಪದದಿಂದ ಆರಂಭಿಸುತ್ತೇನೆ. ಕನ್ನಡದಲ್ಲಿ 'ಉರಿಯೂತ' ಎಂಬ ಪದ ಎಷ್ಟು ಚೆನ್ನಾಗಿದೆ ನೋಡಿ. ಉರಿ ಮತ್ತು ಊತ, ಎರಡೇ ಮಾತಿನಲ್ಲಿ ಇಡೀ ಕ್ರಿಯೆ ಬಂದುಬಿಟ್ಟಿದೆ. ಯುನಾನಿ ಹಕೀಮರು ಇದಕ್ಕೆ 'ವರಮ್' ಎನ್ನುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು ಎಂದು ಇದರ ನಾಲ್ಕು ಲಕ್ಷಣಗಳನ್ನು ಬರೆದಿಟ್ಟ.

ಉರಿಯೂತವೆಂದರೆ ಕಾಯಿಲೆಯಲ್ಲ, ಅದು ದೇಹದ ರಕ್ಷಣಾ ಕ್ರಮ. ಮುಳ್ಳು ಚುಚ್ಚಿದ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಬಿಳಿರಕ್ತಕಣಗಳು ನಾಳದಿಂದ ಹೊರಬಂದು ರೋಗಾಣುಗಳನ್ನು ನುಂಗುತ್ತವೆ. ಕೆಲಸ ಮುಗಿದ ಮೇಲೆ ಎಲ್ಲ ಶಾಂತವಾಗುತ್ತದೆ. ಒಲೆಯ ಬೆಂಕಿ ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ, ಸೂರಿಗೆ ತಾಗಿದರೆ ಮನೆ ಸುಡುತ್ತದೆ. ಉರಿಯೂತದ ವಿಷಯವೂ ಹಾಗೆಯೇ.

ರೋಗನಿರೋಧಕ ಶಕ್ತಿಯೆಂದರೆ ಬಿಳಿರಕ್ತಕಣಗಳ ಸೈನ್ಯ, ಉಳಿದ ಅಂಗಗಳೆಲ್ಲ ಆ ಸೈನ್ಯ ಕಾಯುವ ಪ್ರಜೆಗಳು ಎಂದು ನಾವು ತಿಳಿದಿದ್ದೆವು. ಕಳೆದ ಕೆಲವು ದಶಕಗಳ ಸಂಶೋಧನೆ ಈ ತಿಳಿವಳಿಕೆಯನ್ನು ತಿದ್ದಿದೆ. ಮೂತ್ರಪಿಂಡದ ಸ್ವಂತ ಜೀವಕೋಶಗಳೇ ಅಪಾಯವನ್ನು ಗುರುತಿಸುತ್ತವೆ, ಕೂಗಿ ಸೈನ್ಯವನ್ನು ಕರೆಯುತ್ತವೆ, ಕೆಲವು ತಾವೇ ಹೋರಾಡುತ್ತವೆ. ಇವುಗಳ ಮೇಲೆ 'ಟೋಲ್ ಮಾದರಿಯ ಗ್ರಾಹಕ'ಗಳೆಂಬ ಅಣುಗಳಿವೆ. ರೋಗಾಣುಗಳ ಮೈಯ ಕೆಲವು ಗುರುತುಗಳನ್ನು ಇವು ಪತ್ತೆ ಮಾಡುತ್ತವೆ. ಇಂಥ ಗ್ರಾಹಕಗಳ ಕೆಲಸವನ್ನು ತೋರಿಸಿದ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಪ್ರಶಸ್ತಿಯನ್ನು ರಾಲ್ಫ್ ಸ್ಟೈನ್‌ಮನ್ ಅವರೊಂದಿಗೆ ಹಂಚಿಕೊಂಡರು.

ಯಾವ ಕೋಶ ಯಾವ ಕಾವಲು ಕಾಯುತ್ತದೆ?

ವಿದ್ಯಾರ್ಥಿಗಳೇ, ಈಗ ರಕ್ತ ಹರಿಯುವ ದಾರಿಯಲ್ಲೇ ನಾವೂ ಹೋಗೋಣ.

ಮೊದಲು ಸಿಗುವುದು ರಕ್ತನಾಳದ ಒಳಗೋಡೆಯ ಕೋಶಗಳು. ಗ್ಲೊಮೆರುಲಸ್ಸಿನಲ್ಲಿ ಇವುಗಳ ತುಂಬ ಜರಡಿಯಂಥ ರಂಧ್ರಗಳಿವೆ. ಸಾಮಾನ್ಯ ದಿನಗಳಲ್ಲಿ ಈ ಗೋಡೆ ನುಣುಪಾಗಿರುತ್ತದೆ, ಬಿಳಿಕಣಗಳು ಜಾರಿಕೊಂಡು ಹೋಗುತ್ತವೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಇದೇ ಕೋಶಗಳು ತಮ್ಮ ಮೇಲ್ಮೈಯಲ್ಲಿ ಅಂಟುವ ಅಣುಗಳನ್ನು ಹೊರತರುತ್ತವೆ. ಓಡುವ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸುವಂತೆ ಬಿಳಿಕಣಗಳನ್ನು ಅಲ್ಲಿಯೇ ಇಳಿಸಿಕೊಳ್ಳುತ್ತವೆ.

ಎರಡನೆಯದು ಮೆಸಾಂಜಿಯಲ್ ಕೋಶಗಳು. ಇವು ಆ ನಾಳಗಳ ಉಂಡೆಯನ್ನು ನಡುವಿನಿಂದ ಹಿಡಿದು ನಿಲ್ಲಿಸುವ ಕೋಶಗಳು. ಕುಗ್ಗಬಲ್ಲವು, ಸೋಸುವ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಲ್ಲವು. ಅಲ್ಲಿ ಸಿಕ್ಕಿಕೊಂಡ ಕಸವನ್ನು ನುಂಗಿ ಸ್ವಚ್ಛ ಮಾಡಬಲ್ಲವು. ಕೆರಳಿದಾಗ ಇಂಟರ್‌ಲ್ಯೂಕಿನ್-6ರಂಥ ಸಂದೇಶ ರಾಸಾಯನಿಕಗಳನ್ನು ತಯಾರಿಸಿ ಹೊರಗಿನ ರಕ್ಷಕ ಕೋಶಗಳನ್ನು ಕರೆಯುತ್ತವೆ, ತಾವೂ ಸಂಖ್ಯೆಯಲ್ಲಿ ಹೆಚ್ಚುತ್ತವೆ.

ಮೂರನೆಯದು ಪೋಡೊಸೈಟ್, ಅಂದರೆ ಪಾದಕೋಶ. ಜರಡಿಯ ಹೊರಬದಿಯಲ್ಲಿ ಬೆರಳುಗಳಂಥ ಪಾದಗಳನ್ನು ಹೆಣೆದು ಇವು ಕುಳಿತಿರುತ್ತವೆ. ರಕ್ತದ ಪ್ರೋಟೀನು ಸೋರದಂತೆ ತಡೆಯುವ ಕೊನೆಯ ಬಾಗಿಲು ಇದು. ಒಂದು ದುಃಖದ ಸಂಗತಿಯೆಂದರೆ, ಬಲಿತ ಪೋಡೊಸೈಟುಗಳು ಸುಲಭವಾಗಿ ವಿಭಜನೆ ಹೊಂದಿ ಹೊಸದಾಗಿ ಹುಟ್ಟುವುದಿಲ್ಲ. ಹೋದದ್ದು ಬಹುಮಟ್ಟಿಗೆ ಹೋದಂತೆಯೇ.

ನಾಲ್ಕನೆಯದು ನಳಿಕೆಗಳ ಕೋಶಗಳು. ಸೋಸಿ ಬಂದ ದ್ರವದಲ್ಲಿ ಏನು ತೇಲಿ ಬಂದರೂ ಮೊದಲು ಗೊತ್ತಾಗುವುದು ಇವುಗಳಿಗೆ. ಮೇಲಿನಿಂದ ಪ್ರೋಟೀನು ಅತಿಯಾಗಿ ಸೋರಿ ಬಂದರೆ ಇವು ಒತ್ತಡಕ್ಕೆ ಸಿಕ್ಕಿ ಉರಿಯೂತದ ಸಂದೇಶಗಳನ್ನು ಹೊರಡಿಸುತ್ತವೆ. 'ಪೂರಕ ಪ್ರೋಟೀನು' ಎಂದು ಕರೆಯುವ ರಕ್ಷಣಾ ಅಣುಗಳಲ್ಲಿ ಮುಖ್ಯವಾದ ಸಿ-3 ಎಂಬುದು ಯಕೃತ್ತಿನಲ್ಲಿ ಹೆಚ್ಚಾಗಿ ತಯಾರಾಗುತ್ತದೆ, ಆದರೆ ಈ ನಳಿಕೆಯ ಕೋಶಗಳೂ ಅದನ್ನು ಸ್ಥಳದಲ್ಲಿಯೇ ತಯಾರಿಸಬಲ್ಲವು.

ಇನ್ನೂ ಮುಂದೆ ಹೋದರೆ ನಳಿಕೆಯ ಒಂದು ಭಾಗದಲ್ಲಿ ಯೂರೊಮಾಡ್ಯುಲಿನ್ ಎಂಬ ಪ್ರೋಟೀನು ತಯಾರಾಗುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು ಇದೇ. 1950ರಲ್ಲಿ ಇಗೋರ್ ಟಾಮ್ ಮತ್ತು ಫ್ರಾಂಕ್ ಹಾರ್ಸ್‌ಫಾಲ್ ಇದನ್ನು ಮೂತ್ರದಿಂದ ಬೇರ್ಪಡಿಸಿದರು. ಮೂತ್ರದ ಸೋಂಕಿಗೆ ಮುಖ್ಯ ಕಾರಣವಾದ ಈ. ಕೋಲೈ ಬ್ಯಾಕ್ಟೀರಿಯಾಕ್ಕೆ ನಾಳದ ಗೋಡೆ ಹಿಡಿದುಕೊಳ್ಳಲು ಕೂದಲಿನಂಥ ಕೈಗಳಿವೆ. ಯೂರೊಮಾಡ್ಯುಲಿನ್ ಎಳೆಗಳು ಆ ಕೈಗಳಿಗೇ ಸುತ್ತಿಕೊಳ್ಳುತ್ತವೆ. ಹಿಡಿತ ಸಿಗದ ಬ್ಯಾಕ್ಟೀರಿಯಾ ಮೂತ್ರದೊಡನೆ ಕೊಚ್ಚಿಹೋಗುತ್ತದೆ. ಬ್ಯಾಕ್ಟೀರಿಯಾ ಬದುಕಲು ಕಬ್ಬಿಣ ಬೇಕು. ಸಂಗ್ರಾಹಕ ನಾಳದ ಕೆಲವು ಕೋಶಗಳು ಲಿಪೊಕ್ಯಾಲಿನ್-2 ಎಂಬ ಪ್ರೋಟೀನನ್ನು ಬಿಟ್ಟು, ಬ್ಯಾಕ್ಟೀರಿಯಾ ಕಬ್ಬಿಣ ಕದಿಯಲು ಕಳಿಸಿದ ಅಣುಗಳನ್ನೇ ಹಿಡಿದು ಅದನ್ನು ಉಪವಾಸ ಕೆಡವುತ್ತವೆ.

ಕೊನೆಗೆ, ನಳಿಕೆಗಳ ನಡುವಿನ ಜಾಗದಲ್ಲಿ ಕಸ ನುಂಗುವ ಮ್ಯಾಕ್ರೊಫೇಜುಗಳು ಕಾಯಂ ವಾಸವಾಗಿವೆ. ಮೂತ್ರಪಿಂಡದ ಒಳಭಾಗದಲ್ಲಿ ಉಪ್ಪಿನ ಸಾಂದ್ರತೆ ಬಹಳ ಹೆಚ್ಚು, ಅದರ ಕೆಲಸ ನೀರನ್ನು ಉಳಿಸುವುದು ಎಂದು ನಮಗೆ ಗೊತ್ತಿತ್ತು. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇನ್ನೊಂದು ಸಂಗತಿಯನ್ನು ತೋರಿಸಿತು. ಆ ಉಪ್ಪಿನ ಪರಿಸರವೇ ನಳಿಕೆಯ ಕೋಶಗಳಿಂದ ಸಂದೇಶಗಳನ್ನು ಹೊರಡಿಸಿ, ಕಾವಲಿನ ಕೋಶಗಳು ಒಳಭಾಗದಲ್ಲಿ ಹೆಚ್ಚಾಗಿ ನೆಲೆಸುವಂತೆ ಮಾಡುತ್ತದೆ. ಮೂತ್ರಕೋಶದಿಂದ ಮೇಲೇರಿ ಬರುವ ಸೋಂಕು ಮೊದಲು ತಲುಪುವುದು ಆ ಭಾಗಕ್ಕೇ. ಶತ್ರು ಬರುವ ಬಾಗಿಲಿನಲ್ಲಿಯೇ ಪಹರೆ!

ಹಾಗಾದರೆ ಆ ಹುಡುಗನಿಗೆ ಆದದ್ದೇನು?

ಅವನ ಕಾಲಿನ ಹುಣ್ಣಿನಲ್ಲಿದ್ದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಗಂಟಲುನೋವಿಗೂ ಇದು ಕಾರಣವಾಗುತ್ತದೆ. ಇದರ ಕೆಲವು ತಳಿಗಳು ಮಾತ್ರ ಮೂತ್ರಪಿಂಡಕ್ಕೆ ಮುಳುವಾಗುತ್ತವೆ. ಗಮನಿಸಿ, ಬ್ಯಾಕ್ಟೀರಿಯಾ ತಾನೇ ಮೂತ್ರಪಿಂಡಕ್ಕೆ ಹೋಗಿ ಅಲ್ಲಿ ಹುಣ್ಣು ಮಾಡುವುದಿಲ್ಲ. ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನಿನ ತುಣುಕುಗಳು ಮತ್ತು ಪ್ರತಿಕಾಯಗಳು ಗ್ಲೊಮೆರುಲಸ್ಸಿನ ಜರಡಿಯಲ್ಲಿ ಸೇರಿಕೊಂಡು ನಿಲ್ಲುತ್ತವೆ. ಇದನ್ನು ಕಂಡು ಪೂರಕ ಪ್ರೋಟೀನುಗಳು ಒಂದರ ಹಿಂದೊಂದು ಕೆರಳುತ್ತವೆ. ಒಳಗೋಡೆಯ ಕೋಶಗಳು ಬಿಳಿಕಣಗಳನ್ನು ಇಳಿಸಿಕೊಳ್ಳುತ್ತವೆ, ಮೆಸಾಂಜಿಯಲ್ ಕೋಶಗಳು ಹೆಚ್ಚುತ್ತವೆ. ಸೋಸುವ ಉಂಡೆ ಊದಿಕೊಂಡು ಅದರೊಳಗಿನ ದಾರಿ ಕಿರಿದಾಗುತ್ತದೆ. ಕಾವಲಿಗೆ ನಿಂತವರೆಲ್ಲ ತಮ್ಮ ಕೆಲಸವನ್ನೇ ಮಾಡುತ್ತಿದ್ದಾರೆ, ಆದರೆ ಜಗಳ ನಡೆಯುತ್ತಿರುವುದು ಗಾಜಿನ ಅಂಗಡಿಯೊಳಗೆ!

ಫಲವೇನು? ಸೋಸುವಿಕೆ ಕಡಿಮೆಯಾಗಿ ಉಪ್ಪು ಮತ್ತು ನೀರು ದೇಹದಲ್ಲಿ ಉಳಿಯುತ್ತವೆ. ರಾತ್ರಿ ಮಲಗಿದಾಗ ಆ ನೀರು ಕಣ್ಣಿನ ಸುತ್ತಲಿನ ಸಡಿಲ ಚರ್ಮದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಮುಖ ಊದಿರುತ್ತದೆ. ರಕ್ತದೊತ್ತಡ ಏರಿ ತಲೆ ನೋಯುತ್ತದೆ. ಹಾನಿಯಾದ ಜರಡಿಯಿಂದ ಕೆಂಪು ರಕ್ತಕಣಗಳು ನುಸುಳಿ, ಆಮ್ಲೀಯ ಮೂತ್ರದಲ್ಲಿ ಬಣ್ಣ ಬದಲಿಸಿ, ಕಡು ಚಹಾದಂತೆ ಕಾಣುತ್ತವೆ. ನನ್ನ ಹುಡುಗನ ಮುಖದಲ್ಲಿ ಈ ಪಾಠವೆಲ್ಲ ಬರೆದಿತ್ತು. ಓದು ಕಲಿಸುವ ನನಗೇ ಅದನ್ನು ಓದಲು ಬರಲಿಲ್ಲ.

ಮೂರು ವಾರ ಏಕೆ ಬೇಕಾಯಿತು? ಗಂಟಲಿನ ಸೋಂಕಾದರೆ ಒಂದೆರಡು ವಾರ, ಚರ್ಮದ ಸೋಂಕಾದರೆ ಮೂರರಿಂದ ಆರು ವಾರ ಕಳೆದ ಮೇಲೆ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸ್ಕಾರ್ಲೆಟ್ ಜ್ವರ ಇಳಿದ ಮೇಲೆ ಮೈ ಊದಿಕೊಂಡು ಮೂತ್ರ ಕಪ್ಪಾಗುವುದನ್ನು ಲಂಡನ್ನಿನ ವಿಲಿಯಂ ಚಾರ್ಲ್ಸ್ ವೆಲ್ಸ್ 1812ರಲ್ಲಿಯೇ ಬರೆದಿದ್ದ. ಜ್ವರ ಹೋದ ಮೇಲೆ ಬರುವ ಈ ಕಾಯಿಲೆಯ ಒಗಟನ್ನು ಬಿಡಿಸುವ ದಾರಿ ತೋರಿಸಿದವರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಒಬ್ಬರು. ದೇಹ ಪ್ರತಿಕಾಯಗಳನ್ನು ತಯಾರಿಸಲು ದಿನಗಳು ಬೇಕು, ಕಾಯಿಲೆ ಬರುವುದು ಆ ಪ್ರತಿಕ್ರಿಯೆಯಿಂದ ಎಂದು ಅವರು ತರ್ಕಿಸಿದರು. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ಕೊಟ್ಟವರೂ ಅವರೇ.

ಇದು ಮುಖ್ಯವಾಗಿ ಬಡವರ ಮತ್ತು ಇಕ್ಕಟ್ಟಾದ ಮನೆಗಳಲ್ಲಿ ಇರುವವರ ಕಾಯಿಲೆ. 1953ರಲ್ಲಿ ಅಮೆರಿಕದ ಮಿನ್ನೆಸೋಟದ ರೆಡ್ ಲೇಕ್ ಎಂಬಲ್ಲಿ ಮೂಲನಿವಾಸಿಗಳ ಮಕ್ಕಳಲ್ಲಿ ಇದು ಸಾಂಕ್ರಾಮಿಕವಾಗಿ ಹಬ್ಬಿತ್ತು. 2005ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 4 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರಿಗೆ ಇದು ಬರುತ್ತದೆ, ಸುಮಾರು 5 ಸಾವಿರ ಜನ ಸಾಯುತ್ತಾರೆ. ಬಹುತೇಕ ಎಲ್ಲರೂ ಬಡ ದೇಶಗಳವರು.

ಸಮಾಧಾನದ ಮಾತೂ ಇದೆ. ಮಕ್ಕಳಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಬೆಂಕಿ ಹಚ್ಚಿದ ಕೋಶಗಳೇ ಅದನ್ನು ಆರಿಸುವ ಕೆಲಸವನ್ನೂ ಮಾಡುತ್ತವೆ. ಸಿಕ್ಕಿಕೊಂಡ ತುಣುಕುಗಳನ್ನು ತೆರವು ಮಾಡುತ್ತವೆ, ಕರೆಸಿದ ಸೈನ್ಯವನ್ನು ಹಿಂದಕ್ಕೆ ಕಳಿಸುತ್ತವೆ. ರಕ್ತದಲ್ಲಿ ಇಳಿದಿದ್ದ ಸಿ-3 ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮೊದಲಿನಂತಾಗುತ್ತದೆ. ಅಷ್ಟರವರೆಗೆ ಉಪ್ಪು ಕಡಿಮೆ ಮಾಡಿ, ನೀರನ್ನು ಲೆಕ್ಕದಲ್ಲಿ ಕೊಟ್ಟು, ರಕ್ತದೊತ್ತಡ ಇಳಿಸಿ ವೈದ್ಯರು ಮಗುವನ್ನು ಕಾಪಾಡುತ್ತಾರೆ. ಆದರೆ ಆ ಮೊದಲ ಕೆಲವು ದಿನಗಳು ಅಪಾಯದವು. ಏರಿದ ಒತ್ತಡದಿಂದ ಮಗುವಿಗೆ ಫಿಟ್ಸ್ ಬರಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಬೆಂಕಿ ಆರದೆ ಉಳಿದರೆ

ಕೆಲವರಲ್ಲಿ, ಮುಖ್ಯವಾಗಿ ಬೇರೆ ಬಗೆಯ ಉರಿಯೂತಗಳಲ್ಲಿ, ಬೆಂಕಿ ಪೂರ್ತಿ ಆರುವುದಿಲ್ಲ. 1968ರಲ್ಲಿ ಪ್ಯಾರಿಸ್ಸಿನ ಜಾನ್ ಬೆರ್ಜೆ ವರ್ಣಿಸಿದ ಐಜಿಎ ನೆಫ್ರೊಪತಿಯಲ್ಲಿ ಐಜಿಎ ಎಂಬ ಪ್ರತಿಕಾಯ ಮೆಸಾಂಜಿಯಲ್ ಕೋಶಗಳ ಸುತ್ತ ಜಮಾಯಿಸುತ್ತದೆ. ಇಲ್ಲಿ ಗಂಟಲುನೋವು ಬಂದ ಒಂದೆರಡು ದಿನಗಳಲ್ಲಿಯೇ ಮೂತ್ರದಲ್ಲಿ ರಕ್ತ ಕಾಣಿಸಬಹುದು, ಮತ್ತೆ ಮತ್ತೆ ಮರಳಬಹುದು. ಹೀಗೆ ಉರಿಯೂತ ವರ್ಷಗಟ್ಟಲೆ ನಡೆದರೆ ದುರಸ್ತಿಯ ಕೆಲಸವೇ ಹಾನಿಯಾಗುತ್ತದೆ. ಗಾಯ ಮಾಗಿಸಲು ಬಂದ ನಾರು, ಕೆಲಸ ಮಾಡುವ ಕೋಶಗಳ ಜಾಗವನ್ನೇ ಆಕ್ರಮಿಸುತ್ತದೆ. ರಕ್ತ ತಯಾರಿಕೆಗೆ ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನನ್ನು ಕೊಡುತ್ತಿದ್ದ ಕೋಶಗಳು ಆ ಕೆಲಸ ಬಿಟ್ಟು ನಾರು ತಯಾರಿಸಲು ತೊಡಗುತ್ತವೆ. ಮೂತ್ರಪಿಂಡ ಸೋತವರು ಬಿಳಿಚಿಕೊಂಡು ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರಿ ರಿಚರ್ಡ್ ಹೆರಿಕ್ ಎಂಬ ಯುವಕನಿಗೆ ಅವನ ಅವಳಿ ಸಹೋದರ ರೊನಾಲ್ಡನ ಮೂತ್ರಪಿಂಡವನ್ನು ಕಸಿ ಮಾಡಿದರು. ಜಗತ್ತಿನ ಮೊದಲ ಯಶಸ್ವಿ ಕಸಿ ಅದು. ಇಬ್ಬರೂ ಒಂದೇ ಅಚ್ಚಿನ ಅವಳಿಗಳಾಗಿದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ರಿಚರ್ಡ್ ಎಂಟು ವರ್ಷ ಬದುಕಿದ. ಆದರೆ ಅವನ ಹಳೆಯ ಉರಿಯೂತ ಹೊಸ ಮೂತ್ರಪಿಂಡಕ್ಕೂ ಬಂತು. ಅಂಗ ಬದಲಾಗಿತ್ತು, ಅದನ್ನು ಸುಡುವ ಪ್ರತಿಕ್ರಿಯೆ ಬದಲಾಗಿರಲಿಲ್ಲ. ಭಾರತದಲ್ಲಿ ಯಶಸ್ವಿ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನಲ್ಲಿ.

ನಮ್ಮ ನೆರೆಯ ಕೇರಳದಿಂದ ಇನ್ನೊಂದು ಎಚ್ಚರಿಕೆ ಬಂದಿದೆ. ಹೆಣ್ಣುಮಕ್ಕಳು ವಿಶೇಷವಾಗಿ ಕೇಳಬೇಕು. ಮಲಪ್ಪುರಂ ಜಿಲ್ಲೆಯಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಒಂದು ಆಸ್ಪತ್ರೆಯ ವೈದ್ಯರು ಪೋಡೊಸೈಟುಗಳ ಬುಡದಲ್ಲಿ ಪ್ರತಿಕಾಯಗಳು ಜಮಾಯಿಸುವ ಮೆಂಬ್ರೇನಸ್ ನೆಫ್ರೊಪತಿಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಜನರದು ಅಪರೂಪದ ಒಂದೇ ಬಗೆಯದು. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗಲೆಂದು ಕ್ರೀಮು ಹಚ್ಚುತ್ತಿದ್ದರು. ಆ ಕ್ರೀಮುಗಳಲ್ಲಿ ಪಾದರಸವಿತ್ತು. ಮುಖಕ್ಕೆ ಹಚ್ಚಿದ್ದು ಚರ್ಮದಿಂದ ರಕ್ತಕ್ಕೆ ಇಳಿದು, ರೋಗನಿರೋಧಕ ವ್ಯವಸ್ಥೆಯನ್ನು ದಾರಿ ತಪ್ಪಿಸಿ, ಕೊನೆಗೆ ಸುಟ್ಟದ್ದು ಗುರ್ದೆಯನ್ನು. ತಯಾರಕರ ಹೆಸರು, ಒಳವಸ್ತುಗಳ ವಿವರ ಇಲ್ಲದ ಕ್ರೀಮನ್ನು ಯಾರು ತಂದುಕೊಟ್ಟರೂ ಹಚ್ಚಬೇಡಿ. ದೇವರು ಕೊಟ್ಟ ಬಣ್ಣ ಸಾಕು.

ನಾವು ಮಾಡಬಹುದಾದದ್ದು

1827ರಲ್ಲಿ ಲಂಡನ್ನಿನ ಡಾ. ರಿಚರ್ಡ್ ಬ್ರೈಟ್ ಮೈ ಊದಿದ ರೋಗಿಗಳ ಮೂತ್ರವನ್ನು ಚಮಚದಲ್ಲಿಟ್ಟು ಮೇಣದ ಬತ್ತಿಯ ಮೇಲೆ ಕಾಯಿಸಿ, ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದನ್ನು ತೋರಿಸಿ, ಕಾಯಿಲೆ ಮೂತ್ರಪಿಂಡದಲ್ಲಿದೆ ಎಂದು ಸಾರಿದರು. ಒಂದು ಚಮಚ, ಒಂದು ಮೇಣದ ಬತ್ತಿ! ಇಂದು ಬಣ್ಣದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ಒಂದೆರಡು ನಿಮಿಷದಲ್ಲಿ ಪ್ರೋಟೀನು, ರಕ್ತ ಎರಡೂ ತಿಳಿಯುತ್ತವೆ. ಖರ್ಚೂ ಅಲ್ಪ. ನಮ್ಮ ಸಂಘ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಕಣ್ಣು, ಹಲ್ಲು ನೋಡುವಂತೆ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆಯನ್ನೂ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ.

ಪಾಲಕರೇ, ಮಗುವಿನ ಕಜ್ಜಿಯನ್ನು ಅಸಡ್ಡೆ ಮಾಡಬೇಡಿ. ಹುಣ್ಣನ್ನು ಸೋಪು ನೀರಿನಿಂದ ತೊಳೆಯಿರಿ, ಉಗುರು ಕತ್ತರಿಸಿ, ಕೀವಾದರೆ ವೈದ್ಯರಿಗೆ ತೋರಿಸಿ. ಕಜ್ಜಿ ಹುಳುವಿನಿಂದ ಬಂದದ್ದಾದರೆ ಮನೆಯ ಎಲ್ಲರಿಗೂ ಒಟ್ಟಿಗೇ ಔಷಧಿ ಬೇಕು, ಇಲ್ಲವಾದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ವೈದ್ಯರು ಕೊಟ್ಟ ಆ್ಯಂಟಿಬಯಾಟಿಕ್ಕನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹುಣ್ಣೋ ಗಂಟಲುನೋವೋ ವಾಸಿಯಾದ ಮೇಲೂ ಒಂದು ತಿಂಗಳು ಮಗುವಿನ ಮುಖ ಮತ್ತು ಮೂತ್ರದ ಬಣ್ಣದ ಮೇಲೆ ಕಣ್ಣಿಡಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನಗಟ್ಟಲೆ ನುಂಗುವ ಅಭ್ಯಾಸ ಬಿಡಿ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ನೆರವಾಗುವ ರಾಸಾಯನಿಕಗಳನ್ನು ಅವುಗಳಲ್ಲಿ ಹಲವು ತಡೆಯುತ್ತವೆ. ಪಾದರಸ ಸೇರಿದ ಭಸ್ಮ, ಕುಷ್ತಾಗಳನ್ನು ಅರ್ಹ ವೈದ್ಯರ ಸಲಹೆಯಿಲ್ಲದೆ ಮುಟ್ಟಬೇಡಿ.

ವಿದ್ಯಾರ್ಥಿಗಳೇ, ಮೂತ್ರದ ಬಣ್ಣ ಕೆಂಪೋ ಕಂದೋ ಆದರೆ ಅದು ನಾಚಿಕೆಯ ವಿಷಯವಲ್ಲ. ತಾಯಿಗೆ ಹೇಳಿ, ತಂದೆಗೆ ಹೇಳಿ, ಅದೂ ಆಗದಿದ್ದರೆ ಶಿಕ್ಷಕರಿಗೆ ಹೇಳಿ. ನೀರು ಕುಡಿಯಿರಿ, ಮೂತ್ರವನ್ನು ತಡೆಹಿಡಿಯಬೇಡಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದ ಹೆಣ್ಣುಮಕ್ಕಳನ್ನು ನಾನು ಪ್ರತಿದಿನ ನೋಡುತ್ತೇನೆ. ಮೂತ್ರ ಹರಿದರೆ ತಾನೇ ಯೂರೊಮಾಡ್ಯುಲಿನ್ ಹಿಡಿದ ಬ್ಯಾಕ್ಟೀರಿಯಾ ಹೊರಹೋಗುವುದು? ಸಂಘದ ಹಿರಿಯರೇ, ಕಟ್ಟಡಕ್ಕೆ ಬಣ್ಣ ಬಳಿಯುವ ಮೊದಲು ಶೌಚಾಲಯಕ್ಕೆ ನೀರು ಮತ್ತು ಚಿಲಕ ಒದಗಿಸಿಕೊಡಿ. ಅದೂ ಶಿಕ್ಷಣಕ್ಕೆ ಮಾಡಿದ ಸೇವೆಯೇ.

ನನ್ನ ಶಿಕ್ಷಕ ಬಂಧುಗಳಿಗೆ ಒಂದೇ ಮಾತು. ಬಿ.ಎಡ್. ಓದುವಾಗ ಮಗುವಿನ ಮನಸ್ಸನ್ನು ಅರಿಯಬೇಕು ಎಂದು ಕಲಿತೆವು. ಮಗುವಿನ ಮುಖವನ್ನೂ ನೋಡಬೇಕು. ಹಾಜರಿ ಕರೆಯುವಾಗ ಪುಸ್ತಕ ನೋಡದೆ ಮುಖ ನೋಡಿ ಕರೆಯಿರಿ. ಕಣ್ಣು ಊದಿದ ಮಗುವನ್ನು ಎದ್ದು ನಿಲ್ಲಿಸುವ ಮೊದಲು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿ.

ಆ ಹುಡುಗ ಗುಣವಾದ. ಹತ್ತು ದಿನ ಆಸ್ಪತ್ರೆಯಲ್ಲಿದ್ದ, ಮುಂದೆ ಹಲವು ತಿಂಗಳು ಅವನ ತಾಯಿ ತಪ್ಪದೆ ಮೂತ್ರ ಪರೀಕ್ಷೆ ಮಾಡಿಸಿದರು. ಶಾಲೆಗೆ ಮರಳಿದ ದಿನ ಇಡೀ ತರಗತಿಯ ಮುಂದೆ ನಾನು ಅವನ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ, "ಇರಲಿ ಟೀಚರ್, ನಿಮಗೆ ಗೊತ್ತಿರಲಿಲ್ಲವಲ್ಲ" ಎಂದ. ಅವನು ಹೇಳಿದ್ದು ನಿಜ, ನನಗೆ ಗೊತ್ತಿರಲಿಲ್ಲ. ಇಂದು ಗೊತ್ತಿದೆ, ಈಗ ನಿಮಗೂ ಗೊತ್ತಾಗಿದೆ. ಇನ್ನು ಮುಂದೆ ಆ ನೆಪ ನಮಗೆ ಯಾರಿಗೂ ಇಲ್ಲ.